ಹೊಳೆ ಬಂತು

ವಿದ್ಯುತ್ತು ಹೋದ ಕ್ಷಣವನ್ನು ಅರಿಯದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಕೈತುತ್ತು ತಟ್ಟೆಗೂ ಬಾಯಿಗೂ ನಡುವೆ ಇರುವಾಗಲೋ, ಪತ್ತೇದಾರಿ ಕಾದಂಬರಿಯ ಕೊಲೆಗಾರನ ಹೆಸರು ಮುಂದಿನ ಸಾಲಿನಲ್ಲಿ ಕಾದು ಕುಳಿತಿರುವಾಗಲೋ ಅದು ಹೋಗುತ್ತದೆ. ಹೋದುದು ಮನೆಯ ಮಕ್ಕಳಿಗೂ ಮುದುಕರಿಗೂ ಕೊಟ್ಟಿಗೆಯ ದನಗಳಿಗೂ ಏಕಕಾಲದಲ್ಲಿ ವಿದಿತವಾಗುತ್ತದೆ. ಆದರೆ ಅದು ಮರಳಿ ಬಂದುದನ್ನು ತಿಳಿಯುವ ವಿಷಯದಲ್ಲಿ ಮಾನವಕುಲವು ಎರಡು ಪಂಗಡವಾಗಿ ಒಡೆದಿದೆ: ಕತ್ತಲೆಯಲ್ಲಿ ಕುಳಿತವರದು ಒಂದು, ಜನರೇಟರ್ ಇಟ್ಟುಕೊಂಡವರದು ಇನ್ನೊಂದು. ಮೊದಲಿನವರಿಗೆ ಆ ಜ್ಞಾನವು ಕವಡೆಯ ಖರ್ಚಿಲ್ಲದೆ, ಕದಲದೆ ಕುಳಿತಲ್ಲಿಗೇ ಒದಗಿಬರುತ್ತದೆ. ಎರಡನೆಯವರು ಗಂಟೆಗಿಷ್ಟೆಂದು ಪೆಟ್ರೋಲಿಗೆ ಹಣ ತೆತ್ತು ಬೆಳಕನ್ನು ಕೊಂಡು, ಆ ಬೆಳಕಿನ ನಡುವೆಯೇ ಪರಮ ಅಜ್ಞಾನಿಗಳಾಗಿ ಕುಳಿತಿರುತ್ತಾರೆ. 2020ರ ಮಳೆಗಾಲದಿಂದೀಚೆಗೆ ಈ ಎರಡನೆಯ ಪಂಗಡದಲ್ಲಿ ಸೇರಿಹೋಗಿರುವ ನಾನು, ಅಲ್ಲಿ ಪಡೆದ ಅನುಭವವನ್ನು ಸಂಕೋಚದಿಂದಲೇ ನಿವೇದಿಸಿಕೊಳ್ಳುತ್ತಿದ್ದೇನೆ.

ನಮ್ಮೂರು ಸಾಗರದ ಸೀಮೆಯಲ್ಲಿ, ಶರಾವತಿಯ ಹಿನ್ನೀರಿಗೆ ಬಹಳ ದೂರವಲ್ಲದ ಒಂದು ಹಳ್ಳಿ. ಊರೆಂದರೆ ಅಡಿಕೆಯ ತೋಟಗಳ ನೆತ್ತಿಯಲ್ಲಿ, ಕೂಗಳತೆಗೊಂದರಂತೆ ಚದುರಿ ಕುಳಿತ ಒಂಬತ್ತು ಮನೆ. 11,000 ವೋಲ್ಟಿನ ತಂತಿಯೊಂದು ಕಾಡು, ಬ್ಯಾಣ, ಗದ್ದೆಗಳನ್ನು ಹಾದು, ಹತ್ತಾರು ಮರಗಳ ಕೃಪಾಕಟಾಕ್ಷವನ್ನು ಬೇಡುತ್ತ ಬೇಡುತ್ತ, ನಮ್ಮ ದರೆಯ ಮೇಲಿರುವ ಟ್ರಾನ್ಸ್‌ಫಾರ್ಮರನ್ನು ಮುಟ್ಟುತ್ತದೆ. ಆರಿದ್ರೆಯ ಗಾಳಿ ಎದ್ದಿತೆಂದರೆ ಆ ಮರಗಳಲ್ಲಿ ಒಂದಾದರೂ ತನ್ನ ಕೃಪೆಯನ್ನು ಹಿಂತೆಗೆದುಕೊಳ್ಳುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ಉಳಿದವು ಅದನ್ನು ಅನುಸರಿಸುತ್ತವೆ. ಬಿದ್ದ ಮರವನ್ನು ಹುಡುಕಿ, ಕಡಿದು, ತಂತಿಯನ್ನು ಎಳೆದು ಕಟ್ಟುವ ತನಕ ಒಂದು ರಾತ್ರಿಯೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಇದರಲ್ಲಿ ಯಾರನ್ನೂ ದೂಷಿಸುವ ಉದ್ದೇಶ ನನಗಿಲ್ಲ. ಮಲೆನಾಡಿನ ಮಳೆಗೂ ತಂತಿಗೂ ಇರುವ ವೈರವು ಹಾವು ಮುಂಗುಸಿಗಳ ವೈರದಂತೆ ಜಾತಿಸಹಜವಾದುದೆಂದು ನಾವು ಒಪ್ಪಿಕೊಂಡಿದ್ದೇವೆ.

ಜನರೇಟರ್ ಬರುವುದಕ್ಕೆ ಮೊದಲು ಕರೆಂಟಿನ ಪುನರಾಗಮನವೆಂಬುದು ನಮ್ಮೂರಿಗೆ ಒಂದು ಪುಟ್ಟ ಹಬ್ಬವಾಗಿದ್ದಿತು. ಚಿಮಣಿ ಬುಡ್ಡಿಯ ಸುತ್ತ ಕುಳಿತು, ಕಂಬಳಿಯ ಕೊಪ್ಪೆಯ ನೀರು ಜಗಲಿಯ ಮೂಲೆಯಲ್ಲಿ ಹನಿಯುವುದನ್ನು ಕೇಳುತ್ತ, ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತಿರುವಾಗ, ಸ್ವಿಚ್ಚು ಹಾಕಿದ್ದು ಯಾರಿಗೂ ನೆನಪಿಲ್ಲದ ಯಾವುದೋ ದೀಪವು ಅಟ್ಟದ ಮೇಲೆ ಥಟ್ಟನೆ ಹತ್ತಿಕೊಳ್ಳುವುದು. ಮೂರು ದಿನದ ಹಿಂದೆ ವಾರ್ತೆಯ ನಡುವೆ ಬಾಯಿ ಮುಚ್ಚಿದ್ದ ರೇಡಿಯೋ ಈಗ ಕೃಷಿರಂಗದ ನಡುವೆ ಬಾಯಿ ತೆರೆಯುವುದು. ಅರ್ಧ ಅರೆದ ಹಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಂತಿದ್ದ ಗ್ರೈಂಡರ್ ಗರಗರನೆ ತಿರುಗಿ ಬೆಕ್ಕನ್ನು ಬೆದರಿಸುವುದು. ಅದೇ ಕ್ಷಣದಲ್ಲಿ ಒಂಬತ್ತು ಮನೆಗಳಿಂದಲೂ ಮಕ್ಕಳ ಕಂಠದಲ್ಲಿ ‘ಬಂತೂ!’ ಎಂಬ ಉದ್ಘೋಷವು ಹೊರಟು, ತೋಟದ ಮೇಲೆ ಒಂದನ್ನೊಂದು ಸಂಧಿಸುತ್ತಿದ್ದಿತು.

ಆ ಉದ್ಘೋಷಕ್ಕೆ ನಮ್ಮ ಕೆಳಮನೆಯ ದೊಡ್ಡಮ್ಮನದು ಒಂದು ಪಾಠಾಂತರವಿದೆ. ಎಂಬತ್ತು ದಾಟಿದ ಆಕೆ ‘ಕರೆಂಟು ಬಂತು’ ಎನ್ನುವುದಿಲ್ಲ. ‘ಹೊಳೆ ಬಂತು’ ಎನ್ನುತ್ತಾಳೆ. ಆಕೆಯ ತವರುಮನೆ ಇರುವುದು, ಅಥವಾ ಇದ್ದುದು, ಲಿಂಗನಮಕ್ಕಿಯ ನೀರಿನ ಅಡಿಯಲ್ಲಿ. 1964ರಲ್ಲಿ ಅಣೆಕಟ್ಟು ಪೂರ್ಣವಾಗಿ ಶರಾವತಿಯು ಹಿಂದಕ್ಕೆ ಸರಿದು ನಿಂತಾಗ, ಆಕೆ ಆಡಿದ ಅಂಗಳ, ಮೀನು ಹಿಡಿದ ಹಳ್ಳ, ಮದುವೆಯ ದಿಬ್ಬಣ ನಡೆದುಬಂದ ದಾರಿ ಎಲ್ಲವೂ ಮುಳುಗಿದುವು. ಬೇಸಗೆ ಕಡುವಾಗಿ ನೀರು ಇಳಿದ ವರ್ಷಗಳಲ್ಲಿ, ಜೋಗದ ಮೊದಲಿನ ವಿದ್ಯುದಾಗಾರಕ್ಕಾಗಿ ಕಟ್ಟಿ ಆಮೇಲೆ ತಾನೂ ಮುಳುಗಡೆಯಾದ ಹಿರೇಭಾಸ್ಕರ ಅಣೆಕಟ್ಟು ಬೆನ್ನು ತೋರಿಸುವುದುಂಟು. ದೊಡ್ಡಮ್ಮನ ಅಂಗಳ ಮಾತ್ರ ಎಂದೂ ಮೇಲೆ ಬಂದುದಿಲ್ಲ. ತನ್ನ ತವರನ್ನು ಮುಳುಗಿಸಿದ ಆ ನೀರೇ ಯಂತ್ರಗಳ ಮೂಲಕ ಹಾದು ತಂತಿಯಲ್ಲಿ ಬರುತ್ತದೆಂದು ಯಾರೋ ಆಕೆಗೆ ಆ ಕಾಲದಲ್ಲಿ ಹೇಳಿದ್ದರಂತೆ. ಅಂದಿನಿಂದ ಆಕೆಗೆ ಕರೆಂಟೆಂದರೆ ತವರಿನ ಹೊಳೆ. ದೇಶದ ವಿದ್ಯುಜ್ಜಾಲದಲ್ಲಿ ಈಗ ಕಲ್ಲಿದ್ದಲು, ಗಾಳಿ, ಬಿಸಿಲು ಎಲ್ಲವೂ ಬೆರೆತಿವೆಯೆಂದೂ, ನಮ್ಮ ಬಲ್ಬನ್ನು ಬೆಳಗಿಸುವುದು ಇಂಥದೇ ಎಂದು ಬೇರ್ಪಡಿಸಿ ಹೇಳಲಾಗದೆಂದೂ ಒಮ್ಮೆ ವಿವರಿಸಲು ಹೊರಟೆ. ‘ಬೆರೆಸಿದವರು ಯಾರೋ ತಮ್ಮಾ? ಹೊಳೆಗೆ ಹಳ್ಳ ಸೇರಿದ್ರೆ ಹೊಳೆ ಹೆಸರು ಹೋಗ್ತದಾ?’ ಎಂದು ಕೇಳಿದಳು. ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದ ನಾನು ಉತ್ತರವಿಲ್ಲದೆ ಎಲೆಯಡಿಕೆಯ ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡೆ.

ಇನ್ನು ಜನರೇಟರಿನ ಆಗಮನ. ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಮಗ, 2020ರಲ್ಲಿ ಕಚೇರಿಗಳೆಲ್ಲ ಬಾಗಿಲು ಹಾಕಿ ಕೆಲಸವು ಮನೆಗೇ ಬಂದ ಕಾಲದಲ್ಲಿ, ಕಂಪ್ಯೂಟರನ್ನು ಹೊತ್ತು ಊರಿಗೆ ಬಂದ. ಆರಿದ್ರೆಯ ಮೊದಲ ವಾರದಲ್ಲಿಯೇ ನಮ್ಮ ತಂತಿಯ ಗುಣಶೀಲಗಳು ಅವನಿಗೆ ಮನದಟ್ಟಾದುವು. ಪುನರ್ವಸು ಹುಟ್ಟುವಷ್ಟರಲ್ಲಿ ಎರಡು ಕೆ.ವಿ.ಎ. ಸಾಮರ್ಥ್ಯದ ಒಂದು ಪೆಟ್ರೋಲ್ ಯಂತ್ರವು ಜೀಪಿನಲ್ಲಿ ಬಂದು, ಕೊಟ್ಟಿಗೆಯ ಆಚೆಯ ಸೋಗೆಯ ಮಾಡಿನಲ್ಲಿ ಪ್ರತಿಷ್ಠೆಗೊಂಡಿತು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷವಾದುದರಿಂದ, ಮಳೆಯೆಂದು ಕರುಣೆ ತೋರಿ ಅದನ್ನು ಮನೆಯೊಳಗಾಗಲಿ, ಮುಚ್ಚಿದ ಕೋಣೆಯಲ್ಲಾಗಲಿ ಇರಿಸಕೂಡದು. ನಾಲ್ಕು ಕಡೆಯೂ ಗಾಳಿಯಾಡುವ ಆ ಮಾಡು ಅದಕ್ಕೆ ತಕ್ಕುದಾಗಿತ್ತು. ಅದನ್ನು ಎಬ್ಬಿಸುವುದೂ ಒಂದು ವಿಧಿ. ಪೆಟ್ರೋಲಿನ ಕಾಕ್ ತಿರುಗಿಸಿ, ಚೋಕ್ ಎಳೆದು, ಹಗ್ಗವನ್ನು ಮೆಲ್ಲನೆ ಎಳೆಯುತ್ತ ಬಿಗಿ ಸಿಕ್ಕಿದಲ್ಲಿ ಕ್ಷಣಮಾತ್ರ ನಿಂತು, ಅನಂತರ ಒಂದೇ ಉಸಿರಿಗೆ ಸೆಳೆಯಬೇಕು. ಮೂರನೆಯ ಸೆಳೆತಕ್ಕೆ ಎದ್ದರೆ ದಿನ ಚೆನ್ನಾಗಿದೆಯೆಂದು ಅರ್ಥ. ಏಳನೆಯದಕ್ಕೂ ಏಳದಿದ್ದರೆ ತೋಳು ತಿಕ್ಕಿಕೊಳ್ಳುತ್ತ ಚಿಮಣಿ ಬುಡ್ಡಿಯನ್ನು ಹುಡುಕುವುದು ಲೇಸು. ಎದ್ದ ಮೇಲೆ ಅದು ನಿಮಿಷಕ್ಕೆ 3000 ಸುತ್ತು ತಿರುಗಿ, ಕಂಬದ ತಂತಿಯಲ್ಲಿ ಬರುವಂಥದೇ 230 ವೋಲ್ಟಿನ, 50 ಆವರ್ತನದ ವಿದ್ಯುತ್ತನ್ನು ಕೊಡುತ್ತದೆ. ಜೊತೆಗೆ, ಕಂಬದ ತಂತಿ ಎಂದೂ ಕೊಡದಿದ್ದ ಒಂದು ಅಖಂಡವಾದ ಭೋರ್ಗರೆತವನ್ನೂ ಕೊಡುತ್ತದೆ.

ಯಂತ್ರಕ್ಕೂ ಮನೆಗೂ ನಡುವೆ, ಮೀಟರಿನ ಬಳಿಯ ಗೋಡೆಯ ಮೇಲೆ, ಚೇಂಜ್‌ಓವರ್ ಎಂಬ ಕಬ್ಬಿಣದ ಪೆಟ್ಟಿಗೆಯನ್ನು ಕೂರಿಸಿದರು. ಅದರ ಹಿಡಿಕೆಗೆ ಮೂರು ನೆಲೆಗಳು: ಮೇಲಕ್ಕೆ ಎತ್ತಿದರೆ ಕಂಬದ ವಿದ್ಯುತ್ತು, ಕೆಳಕ್ಕೆ ಇಳಿಸಿದರೆ ಜನರೇಟರಿನದು, ನಡುವೆ ಸೊನ್ನೆ. ಮೇಲಿನ ನೆಲೆಗೆ ಎಲೆಕ್ಟ್ರಿಷಿಯನ್ ತನ್ನ ಕೈಯಾರೆ ಕೆಂಪು ಬಣ್ಣದಲ್ಲಿ ‘ಕೆಇಬಿ’ ಎಂದು ಬರೆದ. ಆ ಹೆಸರಿನ ಮಂಡಳಿಯು 1999ರಲ್ಲಿಯೇ ನಿಗಮವಾಗಿ ಪರಿವರ್ತನೆಗೊಂಡು, 2002ರಲ್ಲಿ ವಿತರಣೆಯ ಕೆಲಸವು ಬೇರೆ ಬೇರೆ ಕಂಪನಿಗಳಿಗೆ ಹಂಚಿಹೋಗಿದ್ದರೂ, ನಮ್ಮ ಕಡೆಯಲ್ಲಿ ಬಾಯಿಯಿಂದಾಗಲಿ ಗೋಡೆಯಿಂದಾಗಲಿ ಅದು ಅಳಿದಿಲ್ಲ.

ಪೆಟ್ಟಿಗೆಯನ್ನು ಕೂರಿಸಿದ ಮೂರನೆಯ ದಿನ ಲೈನ್‌ಮನ್ ಬಂದ. ರೈನ್‌ಕೋಟಿನಿಂದ ನೀರಿಳಿಯುತ್ತಿದ್ದ, ಹೆಗಲಲ್ಲಿ ಹಗ್ಗವನ್ನೂ ಸೊಂಟದಲ್ಲಿ ಕಟಿಂಗ್ ಪ್ಲೇಯರನ್ನೂ ಧರಿಸಿದ್ದ ಆತ, ಕೊಟ್ಟ ಬಿಸಿ ಕಷಾಯವನ್ನು ಕೈಯಲ್ಲಿ ಹಿಡಿದೇ ಹೋಗಿ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿ ನೋಡಿದ. ‘ಮೇಷ್ಟ್ರೇ, ಈ ಹಿಡಿಕೆ ಮೇಲೆ ನನ್ನ ಹೆಂಡ್ತಿ ತಾಳಿ ನಿಂತಿದೆ ಅಂತ ತಿಳ್ಕೊಳ್ಳಿ’ ಎಂದ. ನನಗೆ ಅರ್ಥವಾಗಲಿಲ್ಲ. ಆತ ವಿವರಿಸಿದ: ಕೆಲವರು ಈ ಪೆಟ್ಟಿಗೆಯ ಖರ್ಚನ್ನು ಉಳಿಸಲು, ಎರಡು ತುದಿಗೂ ಪಿನ್ನಿರುವ ವಯರೊಂದನ್ನು ಮಾಡಿಕೊಂಡು ಜನರೇಟರನ್ನು ಗೋಡೆಯ ಸಾಕೆಟ್ಟಿಗೇ ಚುಚ್ಚುತ್ತಾರೆ. ಆಗ ಅದರ ವಿದ್ಯುತ್ತು ಮನೆಯನ್ನು ಬೆಳಗಿಸಿ ಸುಮ್ಮನಿರದೆ, ಮೀಟರನ್ನು ದಾಟಿ, ಸರ್ವೀಸ್ ವಯರನ್ನು ಹಿಡಿದು ಟ್ರಾನ್ಸ್‌ಫಾರ್ಮರಿಗೆ ಹಿಂದುಮುಂದಾಗಿ ನುಗ್ಗುತ್ತದೆ. ಎತ್ತರದ ಒತ್ತಡವನ್ನು ತಗ್ಗಿಸಿ ಕೊಡುವ ಆ ಯಂತ್ರವು ಈ ಕಡೆಯಿಂದ ಬಂದುದನ್ನು ಅಷ್ಟೇ ನಿಷ್ಠೆಯಿಂದ ಹೆಚ್ಚಿಸಿ, ಸಾವಿರಾರು ವೋಲ್ಟುಗಳನ್ನಾಗಿ ಮಾಡಿ ಮೇಲಿನ ತಂತಿಗೆ ಏರಿಸುತ್ತದೆ. ‘ನಾನು ಸ್ಟೇಷನ್ನಿಂದ ಲೈನ್ ಕ್ಲಿಯರ್ ತಗೊಂಡು, ಲೈನ್ ಸತ್ತಿದೆ ಅಂತ ನಂಬ್ಕೊಂಡು ಕಂಬ ಹತ್ತಿರ್ತೀನಿ. ನಿಮ್ಮನೆ ದೀಪ ಉರೀಲಿ ಅಂತ ನೀವು ಹಗ್ಗ ಎಳೀತೀರಿ. ಅಷ್ಟೇ.’ ಕಷಾಯದ ಲೋಟವನ್ನು ಜಗಲಿಯ ಮೇಲಿಟ್ಟು ಆತ ಹೊರಟುಹೋದ. ಎಷ್ಟೋ ವರ್ಷ ಮಕ್ಕಳಿಗೆ ಪರಿವರ್ತಕದ ಚಿತ್ರವನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದರೂ, ಅದರ ಬಾಣದ ಗುರುತು ಎರಡು ಕಡೆಗೂ ಹೋಗಬಲ್ಲುದೆಂಬುದು ನನ್ನ ಮನಸ್ಸಿಗೆ ಇಳಿದುದು ಅಂದೇ.

ಹೀಗೆ ಪರಜೀವರಕ್ಷಣೆಗಾಗಿ ನಮ್ಮ ಮನೆಯು ಊರಿನ ತಂತಿಯಿಂದ ಸಂಪೂರ್ಣವಾಗಿ ಬೇರ್ಪಡಬೇಕಾದುದು ನ್ಯಾಯವೂ ಹೌದು, ಅವಶ್ಯವೂ ಹೌದು. ಆದರೆ ನನ್ನ ಅಜ್ಞಾನದ ಬೀಜವು ಬಿದ್ದುದೂ ಅಲ್ಲಿಯೇ. ಹಿಡಿಕೆಯು ಕೆಳಗಿರುವ ತನಕ ಮೇಲಿನ ತಂತಿಯಲ್ಲಿ ಏನು ನಡೆದರೂ ನಮಗೆ ವರ್ತಮಾನವಿಲ್ಲ. ಹೊಳೆಯು ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದರೂ, ನಾವು ಒಳಗೆ ಬಾವಿಯ ನೀರನ್ನು ಸೇದುತ್ತಲೇ ಇರುತ್ತೇವೆ.

ಇದು ಅನುಭವಕ್ಕೆ ಬಂದುದು ಮೊದಲ ವಾರದಲ್ಲಿಯೇ. ಸಂಜೆ ಏಳಕ್ಕೆ ಹಚ್ಚಿದ ಯಂತ್ರ ಒಂಬತ್ತಾದರೂ ಮೊರೆಯುತ್ತಿತ್ತು. ಮಗ ಬಾಗಿಲು ಹಾಕಿಕೊಂಡು ಕಂಪ್ಯೂಟರಿನೊಡನೆ ಮಾತಾಡುತ್ತಿದ್ದ. ನಾನು ಊಟ ಮುಗಿಸಿ, ನಮ್ಮ ಮನೆಯೊಂದೇ ಬೆಳಗುತ್ತಿದೆಯೆಂಬ ಅವ್ಯಕ್ತವಾದ ಹೆಮ್ಮೆಯಿಂದ ಕಾಲು ಚಾಚಿ ಕುಳಿತಿದ್ದೆ. ಆಗ ಸೋಗೆಯ ಕೊಪ್ಪೆ ಹೊದ್ದು, ಟಾರ್ಚನ್ನು ಮುಂದೆ ಮಾಡಿಕೊಂಡು ಕೆಳಮನೆಯ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದಳು. ‘ಅಲ್ವೋ ತಮ್ಮಾ, ಹೊಳೆ ಬಂದು ಗಂಟೆ ಆಗ್ತಾ ಬಂತು, ನಿಮ್ಮನೆ ಮಿಶಿನ್ನು ಯಾಕೆ ಇನ್ನೂ ಕೂಗ್ತದೆ? ನಾನು ಅಲ್ಲಿಂದ್ಲೇ ಕರೆದೆ, ಆ ಗಲಾಟೇಲಿ ನಿಂಗೆ ಎಲ್ಲಿ ಕೇಳ್ಬೇಕು’ ಎಂದಳು. ಕೂಗಳತೆಯ ಊರಿನಲ್ಲಿ ಕೂಗು ಕೇಳದ ಮೊದಲ ಮನೆ ನಮ್ಮದಾಯಿತು.

ಆ ದಿನದಿಂದ ಆರಂಭವಾದುದು ಲಕ್ಷಣಶಾಸ್ತ್ರದ ಅಭ್ಯಾಸ. ಬೀದಿದೀಪವನ್ನು ನೋಡುವುದು ಅದರ ಪ್ರಥಮ ಸೂತ್ರ. ಆದರೆ ನಮ್ಮೂರಿನ ಬೀದಿದೀಪವು ಹಗಲಿರುಳೆಂಬ ಭೇದವನ್ನು ಪರಿಗಣಿಸದ ಯೋಗಿ. ಅದು ಉರಿಯುವ ದಿನಗಳಿಗೂ ವಿದ್ಯುತ್ತು ಇರುವ ದಿನಗಳಿಗೂ ಕಾರ್ಯಕಾರಣ ಸಂಬಂಧವನ್ನು ಸ್ಥಾಪಿಸುವುದು ಕಷ್ಟ. ಕೆಳಮನೆಯ ಅಡುಗೆಕೋಣೆಯ ಕಿಟಕಿಯನ್ನು ನೋಡುವುದು ದ್ವಿತೀಯ ಸೂತ್ರ. ನಮ್ಮ ಚಾವಡಿಯ ಆರಾಮಕುರ್ಚಿಯಿಂದ ಅಡಿಕೆಯ ಮರಗಳ ಸಂದಿಯಲ್ಲಿ ಅದು ಒಂದು ಹಳದಿಯ ಬಿಲ್ಲೆಯಂತೆ ಕಾಣುತ್ತದೆ. ಬಹುಕಾಲ ನನಗೆ ಅದೇ ಪ್ರಮಾಣವಾಗಿತ್ತು. ಆದರೆ ಟ್ರಾನ್ಸ್‌ಫಾರ್ಮರಿನಿಂದ ಹೊರಡುವುವು ಮೂರು ಫೇಸುಗಳು. ಒಂಬತ್ತು ಮನೆಗಳು ಆ ಮೂರಕ್ಕೂ ಹಂಚಿಕೊಂಡಿವೆ. ಒಂದರ ಫ್ಯೂಸು ಹೋದಾಗ ಕೆಲವು ಮನೆಗೆ ದೀಪಾವಳಿ, ಕೆಲವು ಮನೆಗೆ ಅಮಾವಾಸ್ಯೆ. ಒಂದು ರಾತ್ರಿ ದೊಡ್ಡಮ್ಮನ ಕಿಟಕಿಯನ್ನು ನಂಬಿ ಯಂತ್ರವನ್ನು ನಿಲ್ಲಿಸಿ, ಹಿಡಿಕೆಯನ್ನು ಮೇಲಕ್ಕೆ ಎತ್ತಿದರೆ ನಮ್ಮಲ್ಲಿ ಗಾಢಾಂಧಕಾರ. ಆಕೆಯ ಮನೆಗೆ ಬಂದ ಫೇಸು ನಮ್ಮ ಮನೆಗೆ ಬಂದಿರಲಿಲ್ಲ. ಮತ್ತೆ ಹಗ್ಗ, ಮತ್ತೆ ಏಳು ಸೆಳೆತ.

ಮೂರನೆಯದು ಟೆಸ್ಟರಿನ ಪ್ರಯೋಗ. ಮೀಟರಿನ ಕಡೆಯಿಂದ ಬರುವ ತಂತಿಯ ತುದಿಗೆ ಎಲೆಕ್ಟ್ರಿಷಿಯನ್ ಅದನ್ನು ಮುಟ್ಟಿಸಿ ತೋರಿಸಿದಾಗ ಒಳಗಿನ ಕಿತ್ತಳೆಯ ಬಣ್ಣದ ಕಿಡಿ ಮಿನುಗಿತು, ಬಂದಿದೆಯೆಂದು ಇಬ್ಬರೂ ಸಂತೋಷಪಟ್ಟೆವು, ಬಂದಿರಲಿಲ್ಲ. ಜನರೇಟರಿನ ತಂತಿಯೂ ಕಂಬದ ತಂತಿಯೂ ಗೋಡೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಹೋಗುವುದರಿಂದ, ಒಂದರ ಜೀವವು ಇನ್ನೊಂದರಲ್ಲಿ ಮರೀಚಿಕೆಯಂತೆ ತೋರುವುದುಂಟೆಂದೂ, ಅತ್ಯಲ್ಪವಾದ ಆ ಪ್ರೇರಿತ ವಿದ್ಯುತ್ತಿಗೇ ಟೆಸ್ಟರು ಮೋಸಹೋಗುತ್ತದೆಂದೂ ಆಮೇಲೆ ತಿಳಿಯಿತು. ನಾಲ್ಕನೆಯದು ಮೀಟರನ್ನೇ ಕೇಳುವುದು. ಹಳೆಯ ಮೀಟರಾಗಿದ್ದರೆ ಕೇಳಿ ಪ್ರಯೋಜನವಿರಲಿಲ್ಲ. ಮನೆಯು ಕಂಬದಿಂದ ಏನನ್ನೂ ಸೆಳೆಯದಿರುವಾಗ ಅದರ ತಟ್ಟೆ ತಿರುಗುವುದೇ ಇಲ್ಲ. ಹೊಸ ಎಲೆಕ್ಟ್ರಾನಿಕ್ ಮೀಟರಿನ ಕೆಂಪು ಚುಕ್ಕೆಯೂ ಅದೇ ಕಾರಣದಿಂದ ಮಿಟುಕುವುದಿಲ್ಲ. ಆದರೆ ಅದರ ಗಾಜಿನೊಳಗೆ ಅಂಕೆಗಳು ಮೂಡುತ್ತವೆ. ಹಿಡಿಕೆ ಎಲ್ಲಿದ್ದರೂ ಮೀಟರು ಮಾತ್ರ ಕಂಬದ ಕಡೆಯದು. ಆದಕಾರಣ ಅದರ ಸಾಕ್ಷ್ಯವು ನಿರ್ದುಷ್ಟವಾದುದೇ ಸರಿ. ಆದರೆ ಅರ್ಧ ಗಂಟೆಗೊಮ್ಮೆ ಎದ್ದು, ಕನ್ನಡಕವನ್ನು ಹುಡುಕಿ, ಟಾರ್ಚ್ ಹಿಡಿದು, ಗೂಡಿನೊಳಗೆ ಇಣುಕಿ ದೇವರ ದರ್ಶನ ಮಾಡಿದಂತೆ ಅಂಕೆಯ ದರ್ಶನ ಮಾಡಿ ಬರುವುದು, ಮೊಣಕಾಲುನೋವಿನ ಮನುಷ್ಯನಿಗೆ ಎಷ್ಟು ದಿನ ಸಾಧ್ಯ?

ಈ ಉಪದ್ವ್ಯಾಪಗಳ ನಡುವೆ ನನಗೆ ನಗು ಬರುವಂಥ ಒಂದು ಸಂಗತಿಯಿತ್ತು. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತೆಂಬುದನ್ನೂ, 1905ರಲ್ಲಿ ಬೆಂಗಳೂರಿಗೆ ಅದರ ದೀಪಗಳು ಬಂದುವೆಂಬುದನ್ನೂ, 1948ರಲ್ಲಿ ಜೋಗದ ನೀರು ಯಂತ್ರಗಳನ್ನು ತಿರುಗಿಸತೊಡಗಿತೆಂಬುದನ್ನೂ ಮೂವತ್ತನಾಲ್ಕು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವನು ನಾನು; ಇಸವಿ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನೂ ನಾನು. ವಿದ್ಯುತ್ತು ಗಣಿಗೆ ಯಾವಾಗ ಬಂತು, ರಾಜಧಾನಿಗೆ ಯಾವಾಗ ಬಂತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಈ ರಾತ್ರಿ ನನ್ನ ಸ್ವಂತ ಮನೆಯ ಬಾಗಿಲಿಗೆ ಯಾವಾಗ ಬಂತು ಎಂಬುದನ್ನು ಮಾತ್ರ, ಇಸವಿಯೊಂದನ್ನೂ ಅರಿಯದ ದೊಡ್ಡಮ್ಮನನ್ನು ಕೇಳಿ ತಿಳಿಯಬೇಕು.

ಮರುವರ್ಷ ಎಲೆಕ್ಟ್ರಿಷಿಯನ್ ಒಂದು ಗಂಟೆಯನ್ನು ತಂದು ಕಟ್ಟಿದ. ಮೀಟರನ್ನು ದಾಟಿ ಬಂದ ತಂತಿಯು ಚೇಂಜ್‌ಓವರನ್ನು ಪ್ರವೇಶಿಸುವುದಕ್ಕೆ ಮೊದಲೇ, ಅದಕ್ಕೊಂದು ಪ್ರತ್ಯೇಕವಾದ ಪುಟ್ಟ ಫ್ಯೂಸು ಇಟ್ಟು, ಒಂದು ಕವಲನ್ನು ತೆಗೆದು ಗಂಟೆಗೆ ಕೊಟ್ಟರೆ, ಕಂಬದಲ್ಲಿ ವಿದ್ಯುತ್ತು ಬಂದೊಡನೆ ಅದು ಬಾರಿಸುತ್ತದೆ, ತತ್ತ್ವವು ನಿರಾಕ್ಷೇಪಣೀಯವಾದುದು. ವ್ಯವಹಾರದಲ್ಲಿ ಮಾತ್ರ, ಪುಷ್ಯ ಮಳೆಯ ಒಂದು ಮಧ್ಯರಾತ್ರಿ ಎರಡು ಗಂಟೆಗೆ ಅದು ರೈಲ್ವೆ ನಿಲ್ದಾಣದ ಗಂಟೆಯಂತೆ ಮೊಳಗಿತು. ನಾನು ಎದ್ದು ಪಂಚೆ ಕಟ್ಟಿಕೊಳ್ಳುವಷ್ಟರಲ್ಲಿ ನಿಂತಿತು. ಮಲಗಿದೆ, ಮತ್ತೆ ಮೊಳಗಿತು, ನಿಂತಿತು. ದುರಸ್ತಿಯಾದ ಮೇಲೆ ಸ್ಟೇಷನ್ನಿನವರು ಲೈನನ್ನು ಪರೀಕ್ಷೆಗೆಂದು ಚಾಲೂ ಮಾಡಿ ನೋಡುತ್ತಾರಷ್ಟೆ. ಎಲ್ಲಿಯೋ ಇನ್ನೊಂದು ಕೊಂಬೆ ತಾಗುತ್ತಿದ್ದರೆ ಅದು ಟ್ರಿಪ್ ಆಗುತ್ತದೆ. ‘ಬಂತು, ಹೋಯ್ತು’ ಎಂಬ ಈ ಕಣ್ಣುಮುಚ್ಚಾಲೆಯನ್ನು ಗಂಟೆಯು ಆ ರಾತ್ರಿ ನಾಲ್ಕು ಸಲ ಚಾಚೂ ತಪ್ಪದೆ ವರದಿ ಮಾಡಿತು. ಬೆಳಗ್ಗೆ ಏಳುವಷ್ಟರಲ್ಲಿ ನನ್ನ ಮನೆಯಾಕೆ ಗಂಟೆಯನ್ನು ಬಿಚ್ಚಿಸಿ, ಒರೆಸಿ, ಕಪಾಟಿನಲ್ಲಿಟ್ಟು, ‘ಇದಕ್ಕಿಂತ ಕತ್ತಲೆಯೇ ವಾಸಿ’ ಎಂದಳು. ಅದರಿಂದ ಒಂದು ಲಾಭವೂ ಆಯಿತೆನ್ನಬೇಕು. ಬಂದುದೆಲ್ಲ ನಿಲ್ಲುವುದಕ್ಕೆ ಬಂದುದಲ್ಲವೆಂಬುದನ್ನು ತಿಳಿದು, ಕರೆಂಟು ಬಂದ ಮೇಲೂ ಹತ್ತು ಹದಿನೈದು ನಿಮಿಷ ಕಾದು, ಅನಂತರವೇ ಯಂತ್ರವನ್ನು ನಿಲ್ಲಿಸುವ ಪರಿಪಾಠವನ್ನು ಇಟ್ಟುಕೊಂಡೆವು.

ಗಂಟೆಯ ಸ್ಥಾನದಲ್ಲಿ ದೀಪವು ಬಂತು. ಮೊದಲು ಹಾಕಿದ ಎಲ್‌ಇಡಿ ದೀಪಕ್ಕೆ ಟೆಸ್ಟರಿನ ವ್ಯಾಧಿಯೇ ಇತ್ತು. ಸತ್ತ ತಂತಿಯ ಮೇಲೆಯೂ ಅದು ಮಿಣುಕುಹುಳುವಿನಂತೆ ಸಣ್ಣಗೆ ಬೆಳಗುತ್ತಿತ್ತು. ಕೊನೆಗೆ ನಾನೇ ಪೇಟೆಯ ಹಳೆಯ ಅಂಗಡಿಯೊಂದರ ಮೂಲೆಯಿಂದ, ದೇವರ ಗೂಡಿನಲ್ಲಿ ಹಿಂದೆ ಉರಿಯುತ್ತಿದ್ದಂಥ, ಒಳಗೆ ಸರಿಗೆಯಿರುವ ಜೀರೋ ಕ್ಯಾಂಡಲ್ ಬಲ್ಬೊಂದನ್ನು ಆರಿಸಿ ತಂದೆ. ಹೆಸರಿಗೆ ಸೊನ್ನೆಯಾದರೂ ಅದು ಹತ್ತು ಹದಿನೈದು ವ್ಯಾಟನ್ನು ಉಣ್ಣದೆ ಕಣ್ಣು ತೆರೆಯದು. ಮರೀಚಿಕೆಗೆ ಮರುಳಾಗುವ ಜಾತಿ ಅಲ್ಲ. ಅದಲ್ಲದೆ ಅದರಲ್ಲಿ ಇನ್ನೊಂದು ಸದ್ಗುಣವನ್ನು ಕಂಡೆ. ವೋಲ್ಟೇಜು ಕಡಮೆಯಾಗಿದ್ದರೆ ಅದು ಹಣ್ಣಾದ ಅಡಿಕೆಯ ಬಣ್ಣದಲ್ಲಿ ಮಂಕಾಗಿ ಕೆಂಡವಾಡುತ್ತದೆ. ಸರಿಯಾಗಿದ್ದರೆ ಬೆಳ್ಳಗೆ ಬೆಳಗುತ್ತದೆ. ಬಂದಿದೆಯೆಂಬುದರ ಜೊತೆಗೆ, ಬಂದವನ ಆರೋಗ್ಯ ಹೇಗಿದೆಯೆಂಬುದನ್ನೂ ಅದು ಹೇಳುತ್ತದೆ. ಜಗಲಿಯ ಕಂಬದಲ್ಲಿ ಅದನ್ನು ತೂಗಹಾಕಿದೆವು. ಮನೆಯೆಲ್ಲ ಜನರೇಟರಿನಿಂದ ಝಗಝಗಿಸುವಾಗ ಅದೊಂದು ಮಾತ್ರ ಕತ್ತಲೆಯಲ್ಲಿರುತ್ತದೆ. ಊರಿನ ಉಳಿದ ಎಂಟು ಮನೆಗಳ ಜೊತೆಗೆ ಆರಿ, ಅವುಗಳ ಜೊತೆಗೇ ಹತ್ತುತ್ತದೆ. ಬಂದ ನೆಂಟರು ‘ಆ ಬಲ್ಬು ಕೆಟ್ಟಿದೆಯೇನು?’ ಎಂದು ಕೇಳುವುದುಂಟು. ಮನೆಯ ದೀಪಗಳ ಪೈಕಿ ಕರೆಂಟಿನ ಸುದ್ದಿ ಬಲ್ಲದು ಅದೊಂದೇ ಎಂದು ನಾನು ಉತ್ತರಿಸುತ್ತೇನೆ.

ನಗರದ ಮಗನ ವಸತಿಸಮುಚ್ಚಯದಲ್ಲಿ ಈ ಯಾವ ಪರದಾಟವೂ ಇಲ್ಲ. ಅಲ್ಲಿ ನೆಲಮಾಳಿಗೆಯ ಪೆಟ್ಟಿಗೆಯೊಂದು ಕಂಬದ ವಿದ್ಯುತ್ತನ್ನು ಎಡೆಬಿಡದೆ ಗಮನಿಸುತ್ತಿದ್ದು, ಹೋದರೆ ತಾನೇ ಡೀಸೆಲ್ ಯಂತ್ರವನ್ನು ಎಬ್ಬಿಸಿ, ಬಂದರೆ ಕೆಲವು ನಿಮಿಷ ಅದರ ಸ್ಥಿರತೆಯನ್ನು ಪರೀಕ್ಷಿಸಿ, ಮನೆಗಳನ್ನು ಅದಕ್ಕೆ ಒಪ್ಪಿಸಿ, ಯಂತ್ರವನ್ನು ಸ್ವಲ್ಪ ಹೊತ್ತು ಭಾರವಿಲ್ಲದೆ ಓಡಿಸಿ ತಣಿಸಿ, ಮಲಗಿಸುತ್ತದೆ. ನಾನು ಮೊಣಕಾಲು ಸವೆಸಿ ಕಲಿತುದನ್ನೆಲ್ಲ ಆ ಪೆಟ್ಟಿಗೆಯು ಹುಟ್ಟುವಾಗಲೇ ಕಲಿತಿದೆ. ಮನೆಯಲ್ಲಿರುವವರಿಗೆ ದೀಪವು ಕಣ್ಣು ಮಿಟುಕಿಸಿದಂತೆ ಆಗುವುದೇ ಹೊರತು ಬೇರೇನೂ ತಿಳಿಯದು. ಅಲ್ಲಿ ಒಂದು ತಿಂಗಳಿದ್ದಾಗ ಒಂದು ಸಂಜೆ ಅಂಥ ಮಿಟುಕು ಕಂಡು, ಕರೆಂಟು ಹೋಯಿತೋ ಬಂತೋ ಎಂದು ಕೇಳಿದೆ. ಮೊಮ್ಮಗಳು ಆಟದಿಂದ ತಲೆಯೆತ್ತದೆ ‘ಅಜ್ಜಾ, ಎರಡೂ ಒಂದೇ’ ಎಂದಳು. ಎಳೆಯ ಬಾಯಿಯಿಂದ ಇಂಥ ಅದ್ವೈತವನ್ನು ಕೇಳಿ ಸಂತೋಷಪಡಬೇಕೋ ಬೇಡವೋ ತಿಳಿಯದೆ ಸುಮ್ಮನಾದೆ.

ಕಳೆದ ಮಳೆಗಾಲದ ಮಾತು. ಆಶ್ಲೇಷದ ಗಾಳಿಗೆ ಮಧ್ಯಾಹ್ನವೇ ತಂತಿ ಹರಿದಿತ್ತು. ಕತ್ತಲಾದ ಮೇಲೆ ಯಂತ್ರವನ್ನು ಎಬ್ಬಿಸಿ, ಹಿಡಿಕೆಯನ್ನು ಇಳಿಸಿ, ನಾನು ಚಾವಡಿಯ ಆರಾಮಕುರ್ಚಿಯಲ್ಲಿ ಪುಸ್ತಕ ಹಿಡಿದು ಕುಳಿತೆ. ಪುಟ ಮಗುಚಿದಾಗಲೆಲ್ಲ ಕಣ್ಣೆತ್ತಿ ನೋಡುತ್ತಿದ್ದೆ, ಬಂದಿರಲಿಲ್ಲ. ಎಂಟಾಯಿತು, ಒಂಬತ್ತಾಯಿತು, ಹತ್ತು ಸಮೀಪಿಸಿತು. ಪೆಟ್ರೋಲು ಮುಗಿಯುತ್ತ ಬಂದು ಯಂತ್ರದ ಸ್ವರವು ಒಮ್ಮೆ ತೊದಲಿತು. ಅಡುಗೆಮನೆಯ ಕೆಲಸ ಮುಗಿಸಿ ಜಗಲಿಗೆ ಹೋಗಿ ಬಂದ ನನ್ನ ಮನೆಯಾಕೆ, ‘ನಿಲ್ಸೋದಿಲ್ವಾ? ಕರೆಂಟು ಬಂದು ಎಷ್ಟು ಹೊತ್ತಾಯ್ತೋ’ ಎಂದಳು.

‘ಬಂದಿಲ್ಲ. ನಾನು ನೋಡ್ತಾನೇ ಇದೀನಿ’ ಎಂದೆ.

‘ಜಗಲಿ ಬಲ್ಬು ಬೆಳ್ಳಗೆ ಉರೀತಿದೆಯಲ್ಲ. ನೀವು ನೋಡ್ತಿರೋದು ಏನು?’

ನಾನು ನೋಡುತ್ತಿದ್ದುದು ಕೆಳಮನೆಯ ಕಿಟಕಿಯನ್ನು. ಜಗಲಿಯ ಕಂಬಕ್ಕೆ ಬೆನ್ನು ಹಾಕಿ ಕುಳಿತು, ಮೂರು ತಾಸೂ ಕಣ್ಣೆತ್ತಿದಾಗಲೆಲ್ಲ ಅಡಿಕೆಯ ಮರಗಳ ಸಂದಿಯನ್ನೇ ನೋಡಿದ್ದೆ. ‘ಕೆಳಮನೇಲಿ ಇನ್ನೂ ಬಂದಿಲ್ಲವಲ್ಲ’ ಎಂದೆ.

‘ಅಲ್ಲಿ ಯಾರಿದಾರೆ? ದೊಡ್ಡಮ್ಮನ್ನ ಕಣ್ಣಿನ ಆಪರೇಷನ್ನಿಗೆ ಅಂತ ಮೊನ್ನೆ ಮಗಳು ಕರ್ಕೊಂಡು ಹೋಗ್ಲಿಲ್ವಾ? ನೀವೇ ಬಸ್ ಹತ್ತಿಸಿ ಬಂದ್ರಿ.’

ಹೌದು, ನಾನೇ ಬಸ್ಸು ಹತ್ತಿಸಿ ಬಂದಿದ್ದೆ. ಕೊಡೆ ಹಿಡಿದು ಮಾಡಿಗೆ ನಡೆದು, ಯಂತ್ರದಿಂದ ಮನೆಯ ಭಾರವನ್ನು ಕಳಚಿ, ಎರಡು ನಿಮಿಷ ಅದನ್ನು ಬರಿದೆ ಓಡಿಸಿ ನಿಲ್ಲಿಸಿದೆ. ಭೋರ್ಗರೆತ ಅಡಗಿದೊಡನೆ ಅದರ ಹಿಂದೆ ಇಷ್ಟು ಹೊತ್ತೂ ಸುರಿಯುತ್ತಿದ್ದ ಮಳೆಯು ಕಿವಿಗೆ ಬಿತ್ತು. ಮೇಲಿನ ಮನೆಯ ರೇಡಿಯೋ ಕೇಳಿಸಿತು. ಯಾರದೋ ಮಗುವಿನ ನಗು ಕೇಳಿಸಿತು. ಹಿಡಿಕೆಯನ್ನು ಸೊನ್ನೆಯ ಮೂಲಕ ಹಾಯಿಸಿ ಮೇಲಕ್ಕೆ ಎತ್ತಿದೆ. ಮನೆಯು ಊರಿನ ಬೆಳಕಿಗೆ ಸೇರಿತು. ಜಗಲಿಯ ಬಲ್ಬು ಬೆಳ್ಳಗೆ ಉರಿಯುತ್ತಲೇ ಇತ್ತು. ಅದರ ಕೆಳಗೆ ನಿಂತು, ದೀಪವಿಲ್ಲದ ಆ ಕಿಟಕಿಯ ಕಡೆಗೆ ತಿರುಗಿ, ಯಾರಿಗೂ ಕೇಳಿಸದಷ್ಟು ಮೆಲ್ಲನೆ, ‘ಹೊಳೆ ಬಂತು, ದೊಡ್ಡಮ್ಮಾ’ ಎಂದೆ.